ಮುಚ್ಚಿಟ್ಟರೆ ಹೆಚ್ಚುವ ರೋಗ, ಹತ್ತಿರ ಕರೆದರೆ ತಗ್ಗುವ ರೋಗ

ಎಚ್.ಐ.ವಿ. ಕುರಿತು ರೋಗಿಗಳಿಗೆ ಹಾಗೂ ಅವರ ಬಂಧುಗಳಿಗೆ ಒಂದು ಪಾಠ



ಹೊರರೋಗಿ ವಿಭಾಗದ ಬೆಂಚಿನ ಮೇಲೆ ಚೀಟಿ ಹಿಡಿದು ಸರದಿಗಾಗಿ ಕಾಯುವಾಗ, ಇಲ್ಲವೇ ವಾರ್ಡಿನಲ್ಲಿ ನಿಮ್ಮವರ ಮಂಚದ ಪಕ್ಕ ರಾತ್ರಿ ಕಳೆಯುವಾಗ ಓದಲೆಂದು ಈ ಪಾಠವನ್ನು ಬರೆಯಲಾಗಿದೆ. ವಿಷಯ ಎಚ್.ಐ.ವಿ. ಹೆಸರು ಕಂಡ ಕೂಡಲೇ ಕೈಪತ್ರವನ್ನು ಮಡಚಿಡಬೇಡಿ. ಪಕ್ಕದಲ್ಲಿ ಕುಳಿತವರು ನೋಡಿದರೆ ಏನೆಂದುಕೊಂಡಾರು ಎಂಬ ಅಳುಕೂ ಬೇಡ. ಈ ಅಳುಕೇ ಇಂದಿನ ಪಾಠದ ವಿಷಯ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಿ. ಒಬ್ಬ ಲಾರಿ ಚಾಲಕ ದಾವಣಗೆರೆಯ ಮಾರುಕಟ್ಟೆಯಿಂದ ಮೆಕ್ಕೆಜೋಳ ಹೇರಿಕೊಂಡು ಹರಿಹರದ ತುಂಗಭದ್ರಾ ಸೇತುವೆ ದಾಟಿ ಪುಣೆಯ ಕಡೆಗೆ ಹೊರಟಿದ್ದಾನೆ. ಮನೆ ಬಿಟ್ಟು ಹತ್ತು ಹದಿನೈದು ದಿನ. ಹೆದ್ದಾರಿಯ ಬದಿಯಲ್ಲಿ ಹೊಟ್ಟೆಪಾಡಿಗಾಗಿ ಮೈ ಮಾರಿಕೊಳ್ಳುವ ಒಬ್ಬ ಹೆಣ್ಣುಮಗಳಿದ್ದಾಳೆ. ಆಕೆಯ ಚೀಲದಲ್ಲಿ ಕಾಂಡೋಮ್ ಇದೆಯೇ? ಅದನ್ನು ಬಳಸಲೇಬೇಕೆಂದು ಹೇಳುವ ಧೈರ್ಯ ಆಕೆಗಿದೆಯೇ? ಹಿಂದಿನ ವಾರ ಯಾರೋ ಆಕೆಯನ್ನು ಹೊಡೆದು ಚೀಲ ಕಿತ್ತುಕೊಂಡಿದ್ದರೆ ಆ ಧೈರ್ಯ ಎಲ್ಲಿಂದ ಬರಬೇಕು? ಅಂದು ಅವಳು ಸುಮ್ಮನಾದರೆ ಸೋಂಕು ಚಾಲಕನಿಗೆ ಬರಬಹುದು. ಅವನಿಂದ ಊರಿನಲ್ಲಿರುವ ಹೆಂಡತಿಗೆ, ಆಕೆಯಿಂದ ಹುಟ್ಟಲಿರುವ ಮಗುವಿಗೆ. ಆ ಹೆಂಡತಿ ಯಾವ ತಪ್ಪು ಮಾಡಿದಳು? ಆ ಮಗು ಯಾರ ಹತ್ತಿರ ಹೋಗಿತ್ತು?

ರಸ್ತೆಯ ಬದಿಯ ಆ ಹೆಣ್ಣುಮಗಳಿಗೆ ಬಿದ್ದ ಏಟು ಯಾವುದೋ ಹಳ್ಳಿಯ ತೊಟ್ಟಿಲಿನವರೆಗೆ ಬಂದು ಮುಟ್ಟುತ್ತದೆ ಎಂಬುದನ್ನು ನೀವು ಗಮನಿಸಬೇಕು. ಸಮಾಜ ಅಂಚಿಗೆ ತಳ್ಳಿದವರ ಆರೋಗ್ಯಕ್ಕೂ ನಮ್ಮ ಮನೆಯ ಆರೋಗ್ಯಕ್ಕೂ ನಡುವೆ ಗೋಡೆಯಿಲ್ಲ.

ಮೊದಲು ತಿಳಿಯಬೇಕಾದ ಸಂಗತಿ

ಎಚ್.ಐ.ವಿ. ಎಂಬುದು ಒಂದು ವೈರಾಣು. ಇದು ದೇಹದ ರೋಗ ನಿರೋಧಕ ಶಕ್ತಿಯನ್ನು ನಿಧಾನವಾಗಿ ಕುಗ್ಗಿಸುತ್ತದೆ. ಚಿಕಿತ್ಸೆಯಿಲ್ಲದೆ ಹಲವು ವರ್ಷ ಕಳೆದ ಮೇಲೆ ಕ್ಷಯ, ಬಿಡದ ಭೇದಿ, ತೂಕ ಇಳಿಯುವುದು ಮುಂತಾದ ಹಲವು ಕಾಯಿಲೆಗಳು ಮುತ್ತಿಕೊಳ್ಳುವ ಸ್ಥಿತಿಗೆ ಏಡ್ಸ್ ಎನ್ನುತ್ತಾರೆ. ಸೋಂಕು ತಗುಲಿದವರೆಲ್ಲರಿಗೂ ಏಡ್ಸ್ ಆಗಿದೆ ಎಂದರ್ಥವಲ್ಲ. ಸಕಾಲದಲ್ಲಿ ಔಷಧ ಆರಂಭಿಸಿದವರು ಆ ಸ್ಥಿತಿಗೆ ಹೋಗದೆಯೇ ಬಾಳಬಹುದು.

ಸೋಂಕು ಹರಡುವ ದಾರಿಗಳು:

1. ಸೋಂಕಿತರೊಂದಿಗೆ ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ.
2. ಸೋಂಕಿತರು ಬಳಸಿದ ಸೂಜಿ, ಸಿರಿಂಜುಗಳ ಮರುಬಳಕೆ.
3. ಸೋಂಕಿತ ರಕ್ತ. ರಕ್ತನಿಧಿಗಳಲ್ಲಿ ಪ್ರತಿ ಚೀಲ ರಕ್ತವನ್ನೂ ಪರೀಕ್ಷಿಸುವುದು ಕಡ್ಡಾಯ. ಹಣಕ್ಕಾಗಿ ರಕ್ತ ಮಾರುವ ಪದ್ಧತಿಯನ್ನು ಸುಪ್ರೀಂ ಕೋರ್ಟಿನ ತೀರ್ಪಿನಂತೆ 1998ರ ಜನವರಿಯಿಂದ ನಿಷೇಧಿಸಲಾಗಿದೆ.
4. ಸೋಂಕಿತ ತಾಯಿಯಿಂದ ಗರ್ಭದಲ್ಲಿ, ಹೆರಿಗೆಯಲ್ಲಿ ಅಥವಾ ಎದೆಹಾಲಿನ ಮೂಲಕ ಮಗುವಿಗೆ.

ಕೈಕುಲುಕುವುದರಿಂದ, ಅಪ್ಪಿಕೊಳ್ಳುವುದರಿಂದ, ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಒಂದೇ ಪಂಕ್ತಿಯಲ್ಲಿ ಕೂಡುವುದರಿಂದ, ಒಂದೇ ಶೌಚಾಲಯ ಬಳಸುವುದರಿಂದ, ಬಟ್ಟೆ ಒಗೆಯುವುದರಿಂದ, ಕೆಮ್ಮಿನಿಂದ, ಸೊಳ್ಳೆ ಕಡಿತದಿಂದ ಎಚ್.ಐ.ವಿ. ಹರಡುವುದಿಲ್ಲ. ಆದುದರಿಂದ ಮನೆಯಲ್ಲಿ ತಟ್ಟೆ, ಲೋಟ, ಹಾಸಿಗೆಗಳನ್ನು ಬೇರೆ ಮಾಡುವ ಅಗತ್ಯವೇ ಇಲ್ಲ.

ಭಯದಿಂದ ಆರಂಭವಾದ ಕತೆ

ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈ ನಗರದಲ್ಲಿ. 1992ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯನ್ನು (ನ್ಯಾಕೋ) ಸ್ಥಾಪಿಸಿತು. ಗರ್ಭಿಣಿಯರಲ್ಲಿ ನೂರಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿಗೆ ಸೋಂಕು ಕಂಡ ಆರು ರಾಜ್ಯಗಳನ್ನು ಹೆಚ್ಚು ಸೋಂಕಿನ ರಾಜ್ಯಗಳೆಂದು ಗುರುತಿಸಲಾಯಿತು. ಅವುಗಳಲ್ಲಿ ನಮ್ಮ ಕರ್ನಾಟಕವೂ ಒಂದು.

ನಮ್ಮ ಭಾಗದಲ್ಲಿ ಸೋಂಕಿಗೆ ಅನುಕೂಲವಾದ ಸಂಗತಿಗಳು ಹಲವು. ಪುಣೆ–ಬೆಂಗಳೂರು ಹೆದ್ದಾರಿ ಹರಿಹರ, ದಾವಣಗೆರೆಗಳ ಪಕ್ಕದಲ್ಲೇ ಹಾಯುತ್ತದೆ. ದಾವಣಗೆರೆ ಹತ್ತಿಗಿರಣಿಗಳ ಊರಾಗಿತ್ತು. ಒಂದೊಂದಾಗಿ ಗಿರಣಿಗಳು ಮುಚ್ಚಿದಾಗ, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತಾಗ ದುಡಿಯುವ ಕೈಗಳು ಕೆಲಸ ಹುಡುಕಿಕೊಂಡು ಊರು ಬಿಡಬೇಕಾಯಿತು. 2018ರವರೆಗೆ ನಮ್ಮ ಜಿಲ್ಲೆಗೇ ಸೇರಿದ್ದ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಂಥ ಕಡೆ ಬಡ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಮುತ್ತು ಕಟ್ಟಿ ಬಿಡುವ ರೂಢಿಯಿತ್ತು. ಇದನ್ನು ನಿಷೇಧಿಸಿ ರಾಜ್ಯ 1982ರಲ್ಲೇ ಕಾಯಿದೆ ಮಾಡಿತು. ಆದರೆ ಕಾಯಿದೆ ಬಂದಷ್ಟು ಬೇಗ ಬಡತನ ಹೋಗಲಿಲ್ಲ.

ಆರಂಭದ ವರ್ಷಗಳಲ್ಲಿ ಪ್ರಚಾರವೆಲ್ಲ ಭಯದ ಮೇಲೆಯೇ ನಡೆಯಿತು. ಏಡ್ಸ್ ಎಂದರೆ ಸಾವು, ಅದು ಕೆಟ್ಟವರಿಗೆ ಬರುವ ರೋಗ ಎಂಬ ಮಾತು ಊರೂರಿಗೆ ಹಬ್ಬಿತು. ಪರಿಣಾಮವೇನಾಯಿತು? ಪರೀಕ್ಷೆಗೆ ಹೋದರೆ ಕೆಟ್ಟವರ ಪಟ್ಟಿಗೆ ಸೇರುತ್ತೇವೆ ಎಂದು ಜನ ಪರೀಕ್ಷೆಗೇ ಹೋಗಲಿಲ್ಲ. ಸೋಂಕು ಗೊತ್ತಾಗಲಿಲ್ಲ, ಗೊತ್ತಾಗದೆ ಹರಡಿತು.

ಹತ್ತಿರ ಕರೆದಾಗ ಆದ ಬದಲಾವಣೆ

ಬೇರೆ ದಾರಿಯೂ ಇದೆ ಎಂಬುದನ್ನು ಮೊದಲು ತೋರಿಸಿದ ಊರುಗಳಲ್ಲಿ ಕೋಲ್ಕತ್ತ ಒಂದು. ಅಲ್ಲಿನ ಸೋನಾಗಾಚಿಯಲ್ಲಿ 1992ರಲ್ಲಿ ಡಾ. ಸ್ಮರಜಿತ್ ಜಾನಾ ಅವರು ಲೈಂಗಿಕ ವೃತ್ತಿಯ ಮಹಿಳೆಯರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿದರು. ಉಪದೇಶ ಮಾಡುವವರು ಹೊರಗಿನಿಂದ ಬರಲಿಲ್ಲ. ಅವರ ನಡುವಿನವರೇ ಅವರಿಗೆ ತಿಳಿಹೇಳಿದರು.

ಕರ್ನಾಟಕದಲ್ಲಿ 2003ರಲ್ಲಿ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಹಾಗೂ ಕೆನಡಾ ದೇಶದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಕೂಡಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಆರಂಭಿಸಿದವು. ಅದೇ ವರ್ಷ ಗೇಟ್ಸ್ ಪ್ರತಿಷ್ಠಾನದ ನೆರವಿನ 'ಆವಾಹನ್' ಎಂಬ ಕಾರ್ಯಕ್ರಮ ಆ ಆರು ರಾಜ್ಯಗಳಲ್ಲಿ ಶುರುವಾಯಿತು. ಲೈಂಗಿಕ ವೃತ್ತಿಯ ಮಹಿಳೆಯರು, ಪುರುಷರೊಡನೆ ಸಂಬಂಧವಿರುವ ಪುರುಷರು, ಮಂಗಳಮುಖಿಯರು, ಸೂಜಿಯಿಂದ ಮಾದಕವಸ್ತು ಚುಚ್ಚಿಕೊಳ್ಳುವವರು, ಲಾರಿ ಚಾಲಕರು – ಹೀಗೆ ಆಸ್ಪತ್ರೆಯ ಬಾಗಿಲಿಗೆ ಬರಲು ಹಿಂಜರಿಯುವವರ ಹತ್ತಿರಕ್ಕೆ ಆಸ್ಪತ್ರೆಯೇ ಹೋಗಬೇಕೆಂಬುದು ಇದರ ನೀತಿ.

ಕೆಲಸ ನಡೆದ ಕ್ರಮ ಸರಳ. ಆ ಸಮುದಾಯದಿಂದಲೇ ಒಬ್ಬರನ್ನು ಆರಿಸಿ ತರಬೇತಿ ಕೊಡುತ್ತಾರೆ. ಇವರನ್ನು 'ಪೀರ್' ಎಂದು ಕರೆಯುತ್ತಾರೆ. ಮಹಿಳೆಯರ ಕಾರ್ಯಕ್ರಮದಲ್ಲಿ ಸುಮಾರು 60 ಮಂದಿಗೆ ಒಬ್ಬ ಪೀರ್ ಎಂಬ ಲೆಕ್ಕವನ್ನು ಮುಂದೆ ಸರ್ಕಾರವೇ ಅಳವಡಿಸಿಕೊಂಡಿತು. ಅವರು ಕಾಂಡೋಮ್ ತಲುಪಿಸುತ್ತಾರೆ, ಲೈಂಗಿಕ ರೋಗಗಳ ತಪಾಸಣೆಗೆ ಕರೆತರುತ್ತಾರೆ, ಆರು ತಿಂಗಳಿಗೊಮ್ಮೆ ಎಚ್.ಐ.ವಿ. ಪರೀಕ್ಷೆ ಮಾಡಿಸುತ್ತಾರೆ. ಅವರಿಗೆಂದು ಒಂದು ಕೋಣೆ ಇರುತ್ತದೆ. ಅಲ್ಲಿ ಸ್ನಾನ ಮಾಡಬಹುದು, ಮಲಗಬಹುದು, ಯಾರೂ ಬೈಯುವುದಿಲ್ಲ. ಯಾರಾದರೂ ಹೊಡೆದರೆ ಕೂಡಲೇ ಸಹಾಯಕ್ಕೆ ಬರುವ ತಂಡ ಹಾಗೂ ವಕೀಲರು ಇರುತ್ತಾರೆ.

ಎಚ್.ಐ.ವಿ. ಕಾರ್ಯಕ್ರಮಕ್ಕೂ ಹೊಡೆತಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಕರ್ನಾಟಕದಲ್ಲಿ ಈ ಮಹಿಳೆಯರ ನಡುವೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ಹೊಡೆತಕ್ಕೆ, ಅತ್ಯಾಚಾರಕ್ಕೆ ಒಳಗಾದವರಲ್ಲಿ ಕಾಂಡೋಮ್ ಬಳಕೆ ಕಡಿಮೆ, ಆಸ್ಪತ್ರೆಗೆ ಬರುವುದೂ ಕಡಿಮೆ, ಲೈಂಗಿಕ ರೋಗ ಮಾತ್ರ ಹೆಚ್ಚು. ಕಾರ್ಯಕ್ರಮ ಮುಂದುವರಿದಂತೆ ಹಿಂಸೆಯೂ ತಗ್ಗಿತು. ಮೈಸೂರಿನಲ್ಲಿ ಈ ಮಹಿಳೆಯರೇ 'ಆಶೋದಯ ಸಮಿತಿ' ಎಂಬ ಸಂಘವನ್ನು ಕಟ್ಟಿಕೊಂಡು ತಮ್ಮ ಕಾರ್ಯಕ್ರಮವನ್ನು ತಾವೇ ನಡೆಸಿದರು, ಒಂದು ಹೋಟೆಲನ್ನೂ ತೆರೆದರು.

2003ರಿಂದ 2008ರವರೆಗೆ ಈ ಆರು ರಾಜ್ಯಗಳಲ್ಲಿ ಸುಮಾರು 1 ಲಕ್ಷ ಹೊಸ ಸೋಂಕುಗಳು ಈ ಕಾರ್ಯಕ್ರಮದಿಂದ ತಪ್ಪಿದವು ಎಂದು 2011ರಲ್ಲಿ ವೈದ್ಯಕೀಯ ಪತ್ರಿಕೆ 'ದಿ ಲ್ಯಾನ್ಸೆಟ್'ನಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ನಂತರ ಕಾರ್ಯಕ್ರಮವನ್ನು ಹಂತ ಹಂತವಾಗಿ ಸರ್ಕಾರ ವಹಿಸಿಕೊಂಡಿತು. ಆದರೂ ಕೆಲಸ ಮುಗಿದಿಲ್ಲ. 2021ರ ಅಂದಾಜಿನಂತೆ ದೇಶದಲ್ಲಿ ಸುಮಾರು 24 ಲಕ್ಷ ಸೋಂಕಿತರಿದ್ದು, ಕರ್ನಾಟಕದಲ್ಲೇ ಸುಮಾರು 2.7 ಲಕ್ಷ ಮಂದಿ ಇದ್ದರು. ವಯಸ್ಕರಲ್ಲಿ ಸೋಂಕಿನ ಪ್ರಮಾಣ ದೇಶದಲ್ಲಿ ಶೇ. 0.21 ಇದ್ದರೆ ನಮ್ಮ ರಾಜ್ಯದಲ್ಲಿ ಶೇ. 0.46.

ಹತ್ತಿರ ಕರೆಯುವುದು ನಮ್ಮ ನೆಲಕ್ಕೆ ಹೊಸದೂ ಅಲ್ಲ. ಹನ್ನೆರಡನೆಯ ಶತಮಾನದ ಶರಣರ ಬಳಗದಲ್ಲಿ ಸೂಳೆ ಸಂಕವ್ವೆ ಎಂಬ ವಚನಕಾರ್ತಿ ಇದ್ದರು. 'ನಿರ್ಲಜ್ಜೇಶ್ವರ' ಎಂಬ ಅಂಕಿತದ ಅವರ ವಚನ ಇಂದಿಗೂ ಉಳಿದಿದೆ. ವೃತ್ತಿಯ ಹೆಸರನ್ನು ಬಚ್ಚಿಡದೆಯೇ ಆಕೆ ಶರಣರ ಸಾಲಿನಲ್ಲಿ ಸೇರಿದ್ದರು. ನಮ್ಮ ಆಸ್ಪತ್ರೆಯ ಸಾಲಿನಲ್ಲಿ ಅಂಥ ಒಬ್ಬ ತಾಯಿ ನಿಂತಾಗ ನಾವು ಮುಖ ತಿರುಗಿಸಬಹುದೇ?

ಇಂದು ಔಷಧವಿದೆ

2004ರ ಏಪ್ರಿಲ್ 1ರಂದು ದೇಶದ ಎಂಟು ಸರ್ಕಾರಿ ಆಸ್ಪತ್ರೆಗಳಲ್ಲಿ ಎ.ಆರ್.ಟಿ. ಔಷಧವನ್ನು ಉಚಿತವಾಗಿ ಕೊಡಲು ಆರಂಭಿಸಲಾಯಿತು. ಆಗ ಕರ್ನಾಟಕದವರು ಬೆಂಗಳೂರಿನ ಬೌರಿಂಗ್ ಆಸ್ಪತ್ರೆಗೇ ಹೋಗಬೇಕಿತ್ತು. ಈಗ ಜಿಲ್ಲೆಗಳಲ್ಲೇ ಎ.ಆರ್.ಟಿ. ಕೇಂದ್ರಗಳಿವೆ. ದಾವಣಗೆರೆಯಲ್ಲಿ ಈ ಕೇಂದ್ರ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿದೆ.

ಮೊದಲೆಲ್ಲ ರೋಗ ನಿರೋಧಕ ಕಣಗಳ (ಸಿ.ಡಿ.4) ಸಂಖ್ಯೆ ಇಳಿಯುವವರೆಗೆ ಕಾದು ಔಷಧ ಕೊಡುತ್ತಿದ್ದರು. 2017ರಿಂದ ಆ ನಿಯಮ ಹೋಗಿದೆ. ಸೋಂಕು ಖಚಿತವಾದ ಪ್ರತಿಯೊಬ್ಬರಿಗೂ ಕೂಡಲೇ ಚಿಕಿತ್ಸೆ ಆರಂಭಿಸಬೇಕು. ಈಗ ಹೆಚ್ಚಿನವರಿಗೆ ಮೂರು ಔಷಧಗಳು ಸೇರಿದ ಮಾತ್ರೆ, ದಿನಕ್ಕೆ ಒಂದೇ ಸಲ. ಇದನ್ನು ಜೀವನಪರ್ಯಂತ, ಒಂದು ದಿನವೂ ತಪ್ಪಿಸದೆ ತೆಗೆದುಕೊಳ್ಳಬೇಕು. "ಮೈ ಚೆನ್ನಾಗಿದೆ, ಇನ್ನು ಸಾಕು" ಎಂದು ಬಿಟ್ಟರೆ ವೈರಾಣು ಮತ್ತೆ ಬಲಿಯುತ್ತದೆ, ಅದೇ ಮಾತ್ರೆಗೆ ಬಗ್ಗದಂತಾಗಲೂಬಹುದು.

ಔಷಧ ತಪ್ಪದೆ ತೆಗೆದುಕೊಂಡವರ ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗುತ್ತದೆ. ಇದನ್ನು 'ವೈರಲ್ ಲೋಡ್' ಪರೀಕ್ಷೆಯಿಂದ ತಿಳಿಯಬಹುದು. ಆ ಮಟ್ಟದಲ್ಲೇ ಇರುವವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ಹರಡುವುದಿಲ್ಲ ಎಂಬುದು ದೊಡ್ಡ ಅಧ್ಯಯನಗಳಿಂದ ಸಿದ್ಧವಾಗಿದೆ. ಔಷಧವು ರೋಗಿಯನ್ನು ಉಳಿಸುವುದರ ಜೊತೆಗೆ ಸೋಂಕಿನ ಸರಪಳಿಯನ್ನೂ ಕಡಿಯುತ್ತದೆ. ಆದರೆ ಬೇರೆ ಲೈಂಗಿಕ ರೋಗಗಳನ್ನು ತಡೆಯಲು ಕಾಂಡೋಮ್ ಬೇಕೇ ಬೇಕು.

ಗರ್ಭಿಣಿಯರಿಗೆ ಒಂದು ಮಾತು. ಚಿಕಿತ್ಸೆಯಿಲ್ಲದಿದ್ದರೆ ಸೋಂಕಿತ ತಾಯಂದಿರ 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ಬರಬಹುದು. ತಾಯಿ ಔಷಧ ತೆಗೆದುಕೊಂಡು, ಹುಟ್ಟಿದ ಕೂಡಲೇ ಮಗುವಿಗೂ ಔಷಧ ಕೊಟ್ಟರೆ ಈ ಪ್ರಮಾಣ 5ಕ್ಕಿಂತ ಕೆಳಗಿಳಿಯುತ್ತದೆ. ಆದ್ದರಿಂದ ಗರ್ಭ ನಿಂತದ್ದು ತಿಳಿದ ಕೂಡಲೇ ಎಲ್ಲ ಗರ್ಭಿಣಿಯರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅತ್ತೆಯವರೇ, ಸೊಸೆಗೆ ಈ ಪರೀಕ್ಷೆ ಹೇಳಿದರೆ ಅನುಮಾನ ಪಡಬೇಡಿ. ಎಲ್ಲರಿಗೂ ಹೇಳುವ ಪರೀಕ್ಷೆ ಇದು.

ಸೋಂಕಿತರ ಸೂಜಿ ಚುಚ್ಚಿದರೆ ಅಥವಾ ಅತ್ಯಾಚಾರ ನಡೆದರೆ ಕೂಡಲೇ, ಹೆಚ್ಚೆಂದರೆ 72 ಗಂಟೆಯೊಳಗೆ ಆಸ್ಪತ್ರೆಗೆ ಬನ್ನಿ. 28 ದಿನಗಳ ಔಷಧದಿಂದ ಸೋಂಕನ್ನು ತಡೆಯಬಹುದು. ಬೇಗ ಬಂದಷ್ಟೂ ಒಳ್ಳೆಯದು.

ಕಾನೂನು ನಿಮ್ಮ ಪರವಾಗಿದೆ

ಎಚ್.ಐ.ವಿ. ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಕಾಯಿದೆ 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಮುಖ್ಯ ಅಂಶಗಳು:

* ವ್ಯಕ್ತಿಯ ಒಪ್ಪಿಗೆಯಿಲ್ಲದೆ ಎಚ್.ಐ.ವಿ. ಪರೀಕ್ಷೆ ಮಾಡುವಂತಿಲ್ಲ. ಪರೀಕ್ಷೆಯ ಮುಂಚೆ, ನಂತರ ಆಪ್ತ ಸಮಾಲೋಚನೆ ಇರಬೇಕು.
* ಫಲಿತಾಂಶವನ್ನು ಗುಟ್ಟಾಗಿಡಬೇಕು.
* ಸೋಂಕಿನ ಕಾರಣದಿಂದ ಚಿಕಿತ್ಸೆ, ಕೆಲಸ, ಶಾಲೆ, ಬಾಡಿಗೆ ಮನೆ ನಿರಾಕರಿಸಿ ತಾರತಮ್ಯ ಮಾಡುವಂತಿಲ್ಲ.
* ಸೋಂಕಿತರನ್ನು ತಾವು ವಾಸವಿದ್ದ ಮನೆಯಿಂದ ಹೊರಹಾಕುವಂತಿಲ್ಲ. ಗಂಡ ತೀರಿಕೊಂಡ ಸೊಸೆಗೆ ಇದು ಬಹಳ ಮುಖ್ಯವಾದ ಹಕ್ಕು.
* 20 ಅಥವಾ ಹೆಚ್ಚು ಮಂದಿ ಇರುವ ಆರೋಗ್ಯ ಸಂಸ್ಥೆಗಳಲ್ಲಿ ದೂರು ಅಧಿಕಾರಿ ಇರಬೇಕು. ರಾಜ್ಯ ಮಟ್ಟದಲ್ಲಿ ದೂರು ಕೇಳಲು ಓಂಬುಡ್ಸ್‌ಮನ್ ಇರಬೇಕು.

ಅಂಚಿನ ಸಮುದಾಯಗಳ ಬಗ್ಗೆಯೂ ಸುಪ್ರೀಂ ಕೋರ್ಟ್ ಮುಖ್ಯ ತೀರ್ಪುಗಳನ್ನು ನೀಡಿದೆ. 2014ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ತಮ್ಮ ಲಿಂಗವನ್ನು ತಾವೇ ಹೇಳಿಕೊಳ್ಳುವ ಹಕ್ಕಿದೆ ಎಂದಿತು. 2018ರಲ್ಲಿ ವಯಸ್ಕರು ಪರಸ್ಪರ ಒಪ್ಪಿಗೆಯಿಂದ ಹೊಂದುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. 2022ರ ಮೇ ತಿಂಗಳಲ್ಲಿ ಲೈಂಗಿಕ ವೃತ್ತಿಯವರನ್ನು ಪೊಲೀಸರು ಘನತೆಯಿಂದ ಕಾಣಬೇಕು, ಅವರ ಬಳಿ ಇರುವ ಕಾಂಡೋಮನ್ನು ಅಪರಾಧದ ಸಾಕ್ಷಿ ಎನ್ನಬಾರದು ಎಂದು ಆದೇಶಿಸಿತು. ವಿಳಾಸದ ದಾಖಲೆಯಿಲ್ಲದ ಈ ಮಹಿಳೆಯರಿಗೆ ನ್ಯಾಕೋ ಅಥವಾ ರಾಜ್ಯ ಏಡ್ಸ್ ಸೊಸೈಟಿಯ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಆಧಾರ್ ಕಾರ್ಡ್ ಸಿಗುವ ದಾರಿಯೂ ಆಯಿತು. ಆಧಾರ್ ಇಲ್ಲದಿದ್ದರೆ ಪಡಿತರ, ಪಿಂಚಣಿ, ಬ್ಯಾಂಕ್ ಖಾತೆಗಳಿಗೆ ಎಷ್ಟು ಅಲೆಯಬೇಕೆಂಬುದು ನಿಮಗೆ ಗೊತ್ತೇ ಇದೆ.

ಬಂಧುಗಳು ಮಾಡಬೇಕಾದದ್ದು

ನಿಮ್ಮ ಮನೆಯವರ ಫಲಿತಾಂಶ 'ಪಾಸಿಟಿವ್' ಬಂದರೆ ಮೊದಲ ದಿನ ನೀವು ಆಡುವ ಮಾತು ಬಹಳ ಮುಖ್ಯ. "ಎಲ್ಲಿಂದ ತಂದೆ?" ಎಂಬ ಪ್ರಶ್ನೆಯಿಂದ ಯಾರ ರೋಗವೂ ವಾಸಿಯಾಗಿಲ್ಲ. ಆ ಪ್ರಶ್ನೆಗೆ ಹೆದರಿ ಔಷಧ ಮುಚ್ಚಿಟ್ಟು ನುಂಗುವವರು, ಮುಚ್ಚಿಡಲು ಆಗದ ದಿನ ನುಂಗದೇ ಇರುವವರು ಇದ್ದಾರೆ. ಅದರ ಬದಲಿಗೆ "ಮಾತ್ರೆ ತಗೊಂಡ್ಯಾ?" ಎಂದು ದಿನವೂ ಕೇಳಿ. ಈ ಒಂದು ಮಾತು ಅರ್ಧ ಚಿಕಿತ್ಸೆ.

1. ಸೊಸೆಗೆ ಸೋಂಕು ಮೊದಲು ಗೊತ್ತಾಯಿತೆಂದರೆ ಅವಳಿಂದಲೇ ಬಂತು ಎಂದರ್ಥವಲ್ಲ. ಬಸಿರಿನಲ್ಲಿ ಪರೀಕ್ಷೆ ಮಾಡುವುದರಿಂದ ಎಷ್ಟೋ ಮನೆಗಳಲ್ಲಿ ಹೆಣ್ಣಿನ ಸೋಂಕೇ ಮೊದಲು ತಿಳಿಯುತ್ತದೆ. ಗಂಡನೂ ಪರೀಕ್ಷೆ ಮಾಡಿಸಿಕೊಳ್ಳಲಿ.
2. ಗಂಡ ಹೆಂಡತಿಯರು ಆಪ್ತ ಸಮಾಲೋಚಕರ ಮುಂದೆ ಕುಳಿತು ಮಾತನಾಡಲಿ. ಮನೆಯಲ್ಲಿ ಹೊಡೆತದ ಭಯವಿದ್ದರೆ ಆಕೆ ಅದನ್ನು ಸಮಾಲೋಚಕರಿಗೆ ಮೊದಲೇ ತಿಳಿಸಲಿ.
3. ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಕಂಡರೆ ಕ್ಷಯದ ಪರೀಕ್ಷೆ ಮಾಡಿಸಿ. ಸೋಂಕಿತರ ಸಾವಿಗೆ ದೊಡ್ಡ ಕಾರಣ ಕ್ಷಯ. ಅದಕ್ಕೂ ಉಚಿತ ಔಷಧವಿದೆ.
4. ಔಷಧಕ್ಕೆ ಬದಲಾಗಿ ಬೇರು, ಭಸ್ಮ, ಗ್ಯಾರಂಟಿ ಚಿಕಿತ್ಸೆ ಎನ್ನುವವರಿಗೆ ಹಣ ಕೊಡಬೇಡಿ. ಸೋಂಕನ್ನು ಬುಡಸಮೇತ ಕೀಳುವ ಔಷಧ ಅವರ ಬಳಿಯಿಲ್ಲ.
5. ಪಕ್ಕದ ಮಂಚದ ರೋಗಿಗೆ ಸೋಂಕಿದೆ ಎಂದು ನಿಮಗೆ ಹೇಗೋ ಗೊತ್ತಾದರೆ ಅದನ್ನು ಅಲ್ಲಿಗೇ ಬಿಡಿ. ಆ ಗುಟ್ಟು ಅವರದು, ನಿಮ್ಮದಲ್ಲ.

ಎಲ್ಲಿ ಕೇಳಬೇಕು?

ಜಿಲ್ಲಾ ಹಾಗೂ ತಾಲ್ಲೂಕು ಸರ್ಕಾರಿ ಆಸ್ಪತ್ರೆಗಳ ಐ.ಸಿ.ಟಿ.ಸಿ. ಎಂಬ ಕೇಂದ್ರಗಳಲ್ಲಿ ಪರೀಕ್ಷೆ, ಆಪ್ತ ಸಮಾಲೋಚನೆ ಎರಡೂ ಉಚಿತ. ಸೋಂಕಿದೆ ಎಂದು ಹೇಳುವ ಮುಂಚೆ ಮೂರು ಬೇರೆ ಬೇರೆ ಪರೀಕ್ಷೆಗಳಿಂದ ಖಚಿತಪಡಿಸಿಕೊಳ್ಳುತ್ತಾರೆ. ಇತ್ತೀಚೆಗೆ ಅಪಾಯದ ಸಂಪರ್ಕ ಆಗಿದ್ದರೆ ಸೋಂಕು ತಕ್ಷಣ ಕಾಣದಿರಬಹುದು; ಮೂರು ತಿಂಗಳ ನಂತರ ಮತ್ತೊಮ್ಮೆ ಮಾಡಿಸಿ. ಹೋಗಲು ಸಂಕೋಚವಿದ್ದರೆ 1097ಕ್ಕೆ ಉಚಿತ ಕರೆ ಮಾಡಿ. ಕನ್ನಡದಲ್ಲೇ ಕೇಳಬಹುದು, ನಿಮ್ಮ ಹೆಸರು ಹೇಳಬೇಕಾಗಿಲ್ಲ.

ಕೊನೆಯದಾಗಿ, ಮೊದಲು ಹೇಳಿದ ಉದಾಹರಣೆಗೆ ಮರಳೋಣ. ಆ ಹೆಣ್ಣುಮಗಳ ಚೀಲದಲ್ಲಿ ಕಾಂಡೋಮ್ ಇದ್ದು, ಬೇಡವೆಂದವನಿಗೆ ಆಗುವುದಿಲ್ಲ ಎನ್ನುವ ಧೈರ್ಯ ಆಕೆಗಿದ್ದಿದ್ದರೆ ಸರಪಳಿ ಅಲ್ಲಿಯೇ ಕಡಿಯುತ್ತಿತ್ತು. ಚಾಲಕ ಸಂಕೋಚಪಡದೆ ಪರೀಕ್ಷೆ ಮಾಡಿಸಿ ಔಷಧ ಹಿಡಿದಿದ್ದರೆ ಅಲ್ಲಿ ಕಡಿಯುತ್ತಿತ್ತು. ಅದೂ ತಪ್ಪಿದರೆ ಬಸುರಿ ಹೆಂಡತಿಯ ಪರೀಕ್ಷೆಯಲ್ಲಿ ಗೊತ್ತಾಗಿ, ಮಗುವಾದರೂ ಸೋಂಕಿಲ್ಲದೆ ಹುಟ್ಟಬಹುದಿತ್ತು. ಮೂರು ಕಡೆಯೂ ಔಷಧ ಹಾಗೂ ಪರೀಕ್ಷೆ ಉಚಿತವಾಗಿ ಸಿದ್ಧವಿದೆ. ಅಡ್ಡ ನಿಂತಿರುವುದು ನಾಚಿಕೆ ಮತ್ತು ನಾವಾಡುವ ಮಾತು. ಅದನ್ನು ತೆಗೆಯಲು ವೈದ್ಯರ ಚೀಟಿ ಬೇಕಿಲ್ಲ. ಅದು ನಿಮ್ಮಿಂದಲೂ ನಮ್ಮಿಂದಲೂ ಆಗುವ ಕೆಲಸ.

ಓದಿದ ಮೇಲೆ ಈ ಕೈಪತ್ರವನ್ನು ಎಸೆಯಬೇಡಿ. ಬೆಂಚಿನ ಮೇಲೆ ಇಟ್ಟು ಹೋಗಿ. ಕೇಳಲು ನಾಚುತ್ತಿರುವ ಯಾರಿಗಾದರೂ ಇದು ಬೇಕಾಗಿರಬಹುದು.